ಜಾಲವಿಳಾಸದಲ್ಲಿ ನಮ್ಮ ಅಕ್ಷರಗಳಿಗೆ ಎಡೆಯಿಲ್ಲವೇ?

ಕೆಲವು ತಿಂಗಳುಗಳ ಹಿಂದೆ ಈ ಲೇಖಕನಿಗೆ ಒಂದು ಹಳೆಯ ಸಂಕಲನವು ಬೇಕಾಗಿ, ಒಂದು ಗ್ರಂಥಭಂಡಾರದವರು ಅಂತರ್ಜಾಲದಲ್ಲಿ ಇರಿಸಿರುವ ಪುಸ್ತಕಪಟ್ಟಿಯನ್ನು ತೆರೆದು ನೋಡುವ ಪ್ರಸಂಗವು ಬಂದಿತು. ಪುಸ್ತಕದ ಹೆಸರಿನಲ್ಲಿ ‘ಕಥೆ & ಕವನ’ ಎಂಬ ಮಾತುಗಳಿದ್ದುವು. ಅವನ್ನು ಇದ್ದಂತೆಯೇ ಬರೆದು ಹುಡುಕಲಾಗಿ, ‘ಕಥೆ’ ಎಂಬ ಶಬ್ದವುಳ್ಳ ನೂರಾರು ಪುಸ್ತಕಗಳ ಹೆಸರುಗಳು ಬಂದುವೇ ಹೊರತು ಬೇಕಾದುದು ಬರಲಿಲ್ಲ. ಒಂದು ಸಂಜೆಯೆಲ್ಲ ಪುಟದಿಂದ ಪುಟಕ್ಕೆ ಅಲೆದು, ಕಡೆಗೆ ಪಟ್ಟಿಯ ಒಂದು ಮೂಲೆಯಲ್ಲಿ ಆ ಪುಸ್ತಕವನ್ನು ಕಂಡು, ಪಟ್ಟಿಯೇ ಮುದ್ರಿಸಿ ಕೊಟ್ಟ ಅದರ ವಿಳಾಸವನ್ನು ದೂರದ ಊರಿನಲ್ಲಿರುವ ಮಿತ್ರರೊಬ್ಬರಿಗೆ ಕಳುಹಿಸಿದುದಾಯಿತು. ಅವರಿಗೆ ‘ಈ ಪುಟವು ಇಲ್ಲ’ ಎಂಬ ಉತ್ತರವು ಬಂದಿತು. ಪುಸ್ತಕವು ಇದ್ದಲ್ಲಿಯೇ ಇದ್ದಿತು. ಅದರ ವಿಳಾಸವು ಮಾತ್ರ ದಾರಿಯಲ್ಲಿ ಸತ್ತುಹೋಗಿದ್ದಿತು.

ಪಟ್ಟಿಯ ವ್ಯವಸ್ಥಾಪಕರಿಗೆ ವಿನಯದಿಂದ ಬರೆದುದಕ್ಕೆ ಬಂದ ಉತ್ತರದಲ್ಲಿ ಎರಡು ಮಾತುಗಳಿದ್ದುವು. ಹುಡುಕುವಾಗ ವಿಶೇಷ ಚಿಹ್ನೆಗಳನ್ನು ಬಳಸಬಾರದೆಂಬುದು ಒಂದು. ವಿಳಾಸಗಳಲ್ಲಿ ಕನ್ನಡದ ಅಕ್ಷರಗಳು ತೊಂದರೆ ಕೊಡುವುದರಿಂದ ಇನ್ನು ಮುಂದೆ ಎಲ್ಲ ಹೆಸರುಗಳನ್ನೂ ರೋಮನ್ ಲಿಪಿಗೆ ಬದಲಾಯಿಸುವೆವೆಂಬುದು ಇನ್ನೊಂದು. ಇವೆರಡೂ ತಪ್ಪು. ಒಬ್ಬ ವ್ಯವಸ್ಥಾಪಕರ ತಪ್ಪಾಗಿದ್ದರೆ ಈ ಪತ್ರಿಕೆಯ ಪುಟಗಳನ್ನು ಅದಕ್ಕಾಗಿ ವ್ಯಯಮಾಡಬೇಕಾಗಿರಲಿಲ್ಲ. ಆದರೆ ಈಗ ಪ್ರೋಗ್ರಾಮು ಬರೆಯುವವರಲ್ಲಿ ಅನೇಕರು, ಅವರಲ್ಲಿಯೂ ಕನ್ನಡಿಗರೇ ಆದ ಅನೇಕರು, ಇದನ್ನೇ ಸಿದ್ಧಾಂತವೆಂದು ನಂಬಿರುವರು. ಆದುದರಿಂದ ಇದನ್ನು ಬಹಿರಂಗವಾಗಿಯೇ ಖಂಡಿಸಬೇಕಾಗಿದೆ. ಅಪರಾಧವು ಅಕ್ಷರಗಳದಲ್ಲ, ಚಿಹ್ನೆಗಳದೂ ಅಲ್ಲ. ವಿಳಾಸವನ್ನು ಕಟ್ಟುವ ವಿಧಿಯನ್ನು ಕಲಿಯದೆ ಕಟ್ಟಹೊರಟವರದು. ಪ್ರಕೃತ ಲೇಖನದಲ್ಲಿ ಸಾಧಿಸಬೇಕಾಗಿರುವುದು ಇಷ್ಟೇ.

ಮೊದಲು ವಿಳಾಸದ ಸ್ವರೂಪವನ್ನು ನೋಡೋಣ. ಅಂಚೆಯ ಲಕೋಟೆಯ ಮೇಲೆ ಹೆಸರು, ಬೀದಿ, ಊರು, ಜಿಲ್ಲೆ ಎಂಬ ಭಾಗಗಳಿರುವಂತೆ ಜಾಲವಿಳಾಸಕ್ಕೂ ಭಾಗಗಳುಂಟು. ಮೊದಲು ಸಂಪರ್ಕದ ಬಗೆ, ಅನಂತರ ತಾಣದ ಹೆಸರು, ಅದರ ಮುಂದೆ ದಾರಿ, ದಾರಿಯ ತುದಿಯಲ್ಲಿ ಪ್ರಶ್ನೆ, ಕಡೆಯಲ್ಲಿ ಪುಟದೊಳಗಿನ ಗುರುತು. ಲಕೋಟೆಯ ಮೇಲೆ ಈ ಭಾಗಗಳನ್ನು ಸಾಲುಗಳು ಬೇರ್ಪಡಿಸುವುವು. ಜಾಲವಿಳಾಸವು ಒಂದೇ ಸಾಲಾದುದರಿಂದ ಅಲ್ಲಿ ಆ ಕೆಲಸವನ್ನು ಚಿಹ್ನೆಗಳು ಮಾಡಬೇಕು. ಓರೆಗೆರೆಯು (/) ದಾರಿಯ ಮೆಟ್ಟಲುಗಳನ್ನು ಬೇರ್ಪಡಿಸುವುದು, ಪ್ರಶ್ನಚಿಹ್ನೆಯು (?) ಪ್ರಶ್ನೆಯನ್ನು ಆರಂಭಿಸುವುದು; ಆಂಪರ್‌ಸೆಂಡ್ (&) ಒಂದು ಪ್ರಶ್ನೆಯಿಂದ ಇನ್ನೊಂದನ್ನು ಬಿಡಿಸುವುದು; ಸಮಚಿಹ್ನೆಯು (=) ಪ್ರಶ್ನೆಯ ಹೆಸರನ್ನೂ ಅದರ ಬೆಲೆಯನ್ನೂ ಬೇರೆಮಾಡುವುದು; ಹ್ಯಾಷ್ (#) ಪುಟದೊಳಗಿನ ಗುರುತನ್ನು ತೋರುವುದು. ಇವು ವಿಳಾಸದೊಳಗಿನ ಅಧಿಕಾರಿಗಳು.

ಟಿಮ್ ಬರ್ನರ್ಸ್-ಲೀ ಮೊದಲಾದವರು 1994ರ ಡಿಸೆಂಬರಿನಲ್ಲಿ ಆರ್.ಎಫ್.ಸಿ. 1738 ಎಂಬ ಪತ್ರದಲ್ಲಿ ಈ ನಿಯಮಗಳನ್ನು ಪ್ರಕಟಿಸಿದರು. 2005ರ ಜನವರಿಯಲ್ಲಿ ಅವೇ ಪರಿಷ್ಕಾರಗೊಂಡು ಆರ್.ಎಫ್.ಸಿ. 3986 ಎಂಬುದಾಗಿ ಹೊರಬಂದುವು. ಅದರ ಪ್ರಕಾರ ಯಾವ ಬದಲಾವಣೆಯೂ ಇಲ್ಲದೆ ವಿಳಾಸದಲ್ಲಿ ಎಲ್ಲಿಯಾದರೂ ನಿಲ್ಲಬಲ್ಲ ಅಕ್ಷರಗಳು 66 ಮಾತ್ರ: ರೋಮನ್ ಲಿಪಿಯ ದೊಡ್ಡ ಮತ್ತು ಚಿಕ್ಕ ಅಕ್ಷರಗಳು 52, ಅಂಕೆಗಳು 10, ಮತ್ತೆ ನಾಲ್ಕು ಚಿಹ್ನೆಗಳು. ಮೇಲೆ ಹೇಳಿದ ಅಧಿಕಾರಿಗಳನ್ನು ಒಳಗೊಂಡು ಕಾದಿರಿಸಿದ ಚಿಹ್ನೆಗಳು 18. ಇವಲ್ಲದೆ ಬೇರೆ ಏನನ್ನು ಬರೆಯಬೇಕಾದರೂ ಅದಕ್ಕೆ ಬದಲಾಗಿ ಶೇಕಡಾ ಚಿಹ್ನೆಯನ್ನೂ (%), ಅದರ ಹಿಂದೆಯೇ ಹದಿನಾರರ ಎಣಿಕೆಯ ಎರಡು ಅಂಕೆಗಳನ್ನೂ ಬರೆಯತಕ್ಕದ್ದು. ಎರಡು ಪದಗಳ ನಡುವಣ ತೆರಪು %20 ಆಗುವುದು, ಆಂಪರ್‌ಸೆಂಡ್ %26 ಆಗುವುದು, ಶೇಕಡಾ ಚಿಹ್ನೆಯು ತಾನೇ %25 ಆಗುವುದು.

ಇಲ್ಲಿ ಕೆಲವರು ‘ನೋಡಿರಿ, ಆ 66ರಲ್ಲಿ ಕನ್ನಡವಿಲ್ಲ’ ಎಂದು ಗೆದ್ದವರಂತೆ ಹೇಳುವರು. ಇಲ್ಲವೆಂಬುದು ನಿಜ, ಅರಬ್ಬಿಯೂ ಚೀನಿಯೂ ಇಲ್ಲ, ಫ್ರೆಂಚರ ಸ್ವರಚಿಹ್ನೆಯುಳ್ಳ ಅಕ್ಷರಗಳೂ ಇಲ್ಲ. ಆದರೆ ಅವುಗಳಿಗೆ ಪ್ರವೇಶವಿಲ್ಲವೆಂದು ನಿಯಮವು ಎಲ್ಲಿಯೂ ಹೇಳಿಲ್ಲ. ಪ್ರವೇಶಿಸುವ ಕ್ರಮವನ್ನು ಮಾತ್ರ ಹೇಳಿದೆ. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡದ ಅಕ್ಷರಗಳಿಗೆ ಸಂಖ್ಯೆಗಳು ದೊರೆತುವು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು ರೂಪಿಸಿದ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟುಗಳಾಗುವುದು. ಪ್ರತಿಯೊಂದು ಬೈಟೂ ವಿಳಾಸದಲ್ಲಿ ಮೂರು ಚಿಹ್ನೆಗಳಾಗುವುದು. ಹೀಗೆ ‘ಕ’ ಎಂಬ ಅಕ್ಷರವು %ಇ0%ಬಿ2%95 ಎಂದು ಪ್ರಯಾಣಮಾಡುವುದು; ಇಲ್ಲಿ ‘ಇ’, ‘ಬಿ’ ಎಂದು ಬರೆದಿರುವುದು ಆ ಹೆಸರಿನ ರೋಮನ್ ಅಕ್ಷರಗಳಿಗಾಗಿ. ‘ಕನ್ನಡ’ ಎಂಬ ಶಬ್ದದಲ್ಲಿ ಕಕಾರ, ನಕಾರ, ವಿರಾಮಚಿಹ್ನೆ, ಮತ್ತೊಂದು ನಕಾರ, ಡಕಾರ ಎಂದು ಐದು ಸಂಕೇತಗಳಿರುವುದರಿಂದ ಅದು 45 ಚಿಹ್ನೆಗಳ ಸಾಲಾಗುವುದು. ಈ ಕ್ರಮದಿಂದಲೇ 2003ರಿಂದ ಕನ್ನಡ ವಿಕಿಪೀಡಿಯವು ತನ್ನ ಲೇಖನಗಳ ಹೆಸರುಗಳನ್ನು ಕನ್ನಡದಲ್ಲಿಯೇ ವಿಳಾಸಗಳಲ್ಲಿ ಇರಿಸಿಕೊಂಡು ಬಂದಿದೆ. ಆಗದೆಂಬುದನ್ನು ಅಷ್ಟು ವರ್ಷಗಳಿಂದ ಮಾಡುತ್ತಿರುವವರು ನಮ್ಮ ಕಣ್ಣೆದುರಿಗಿರುವಾಗ, ಆಗದೆಂದು ವಾದಿಸುವುದಕ್ಕೆ ಧೈರ್ಯವಾದರೂ ಹೇಗೆ ಬರುವುದೋ ತಿಳಿಯದು.

‘ವಿಶೇಷ ಚಿಹ್ನೆ’ ಎಂಬ ಮಾತೇ ಈ ಗೊಂದಲಕ್ಕೆಲ್ಲ ತವರು. ವಿಶೇಷವೆಂದರೆ ಯಾರಿಗೆ ವಿಶೇಷ? ಈ ಒಂದು ಹೆಸರಿನ ಕೆಳಗೆ ಎರಡು ಬೇರೆ ಬೇರೆ ಜಾತಿಗಳನ್ನು ಸೇರಿಸಿ ಕಲಸಿರುವರು. ಒಂದು ಜಾತಿಯು ಕಾದಿರಿಸಿದ ಚಿಹ್ನೆಗಳದು, ಅವು ಅಧಿಕಾರವುಳ್ಳವು. ತಹಸೀಲ್ದಾರನು ಕಚೇರಿಯಲ್ಲಿ ತಹಸೀಲ್ದಾರನು, ಮದುವೆಯ ಮನೆಯಲ್ಲಿ ಅತಿಥಿ. ಹಾಗೆಯೇ ಆಂಪರ್‌ಸೆಂಡ್ ಎಂಬುದು ಎರಡು ಪ್ರಶ್ನೆಗಳ ನಡುವೆ ನಿಂತಾಗ ಅಧಿಕಾರಿ. ಪುಸ್ತಕದ ಹೆಸರಿನೊಳಗೆ ನಿಂತಾಗ ಬರಿಯ ಒಂದು ಚಿಹ್ನೆ. ಹೆಸರಿನೊಳಗಿರುವಾಗ ಅದು ತನ್ನ ಅಧಿಕಾರಮುದ್ರೆಯನ್ನು ಕಳಚಿ %26 ಎಂಬ ವೇಷದಲ್ಲಿ ಬರಬೇಕು. ಇನ್ನೊಂದು ಜಾತಿಯು ನಮ್ಮ ಅಕ್ಷರಗಳದು. ಇವಕ್ಕೆ ವಿಳಾಸದಲ್ಲಿ ಯಾವ ಅಧಿಕಾರವೂ ಇಲ್ಲ. ಇವುಗಳಿಂದ ಯಾವ ಭಾಗಕ್ಕೂ ಯಾವ ಭ್ರಾಂತಿಯೂ ಇಲ್ಲ. ಇವು ಯಾವಾಗಲೂ ಪ್ರಯಾಣದ ವೇಷದಲ್ಲಿಯೇ ಹೋಗುವುವು, ತಲುಪಿದಲ್ಲಿ ಅದನ್ನು ಕಳಚುವುವು. ಹೀಗೆ ನೋಡಿದರೆ ಪ್ರೋಗ್ರಾಮು ಬರೆಯುವವನಿಗೆ ಆಂಪರ್‌ಸೆಂಡಿಗಿಂತ ‘ಕ’ ಎಂಬ ಅಕ್ಷರವೇ ಸರಳವಾದುದು.

ಕನ್ನಡವನ್ನು ಓದಿದವರಿಗೆ ಈ ವಿಷಯವು ಕಷ್ಟವಾಗಬೇಕಾದ ಕಾರಣವಿಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಎರಡು ಪದಗಳು ಸೇರುವ ಕಡೆ ಕೆಲವೆಡೆ ಅಕ್ಷರವು ಲೋಪವಾಗುವುದು, ಕೆಲವೆಡೆ ಆಗಮವಾಗುವುದು, ಕೆಲವೆಡೆ ಒಂದರ ಸ್ಥಾನದಲ್ಲಿ ಇನ್ನೊಂದು ಆದೇಶವಾಗಿ ಬರುವುದು. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಕಕಾರಕ್ಕೆ ಗಕಾರವು ಆದೇಶವಾಗುವಂತೆ, ಹೆಸರು ವಿಳಾಸದೊಡನೆ ಸೇರುವಾಗ ಆಂಪರ್‌ಸೆಂಡಿಗೆ %26 ಎಂಬುದು ಆದೇಶವಾಗುವುದು. 66 ಅಕ್ಷರಗಳಿಗೆ ಪ್ರಕೃತಿಭಾವ. ಆದೇಶವು ಸೇರುವ ಕಡೆಯಲ್ಲಿಯೇ ಆಗತಕ್ಕದ್ದು, ಒಂದೇ ಸಲ ಆಗತಕ್ಕದ್ದು. ‘ಕಾಲ’ ಎಂಬುದು ನಿಘಂಟಿನಲ್ಲಿ ‘ಗಾಲ’ ಎಂದಿರುವುದಿಲ್ಲ. ಈ ಮೂರು ಮಾತುಗಳನ್ನು ನೆನಪಿನಲ್ಲಿರಿಸಿದರೆ ಜಾಲವಿಳಾಸದ ವ್ಯಾಕರಣವೆಲ್ಲ ಕೈಗೆ ಬಂದಂತೆಯೇ.

ಈಗ ನಮ್ಮ ಪ್ರೋಗ್ರಾಮುಗಾರರು ಮಾಡುವುದನ್ನು ನೋಡೋಣ. ಅವರಲ್ಲಿ ಬಹುಮಂದಿ ವಿಳಾಸವನ್ನು ಕಟ್ಟುವುದಿಲ್ಲ, ಅಂಟಿಸುವರು. ತಾಣದ ಹೆಸರನ್ನು ಬರೆದು, ಅದರ ಮುಂದೆ ‘?ಹೆಸರು=’ ಎಂದು ಸೇರಿಸಿ, ಓದುಗನು ಬರೆದುದನ್ನು ಹಾಗೆಯೇ ಅದರ ಬಾಲಕ್ಕೆ ಅಂಟಿಸಿಬಿಡುವರು. ಓದುಗನು ‘ಕಥೆ & ಕವನ’ ಎಂದು ಬರೆದನು; ಸರ್ವರು ‘ಹೆಸರು ಎಂಬುದರ ಬೆಲೆ ಕಥೆ; ಕವನ ಎಂಬುದು ಇನ್ನೊಂದು ಪ್ರಶ್ನೆ’ ಎಂದು ತಿಳಿದುಕೊಂಡಿತು. ಮೊದಲು ಹೇಳಿದ ನೂರಾರು ಪುಸ್ತಕಗಳು ಹೀಗೆಯೇ ಬಂದುವು. ಸರ್ವರು ತನಗೆ ಹೇಳಿದುದನ್ನು ಸರಿಯಾಗಿಯೇ ತಿಳಿಯಿತು. ಹೇಳಿದವನೇ ತಪ್ಪು ಹೇಳಿದನು.

ಇದರಿಂದ ಪುಸ್ತಕವೊಂದು ಸಿಕ್ಕದೆ ಹೋಗುವುದು ಸಣ್ಣ ನಷ್ಟವೆಂದು ಯಾರಾದರೂ ಹೇಳಬಹುದು. ಇನ್ನೊಂದು ಉದಾಹರಣೆಯನ್ನು ತೆಗೆದುಕೊಳ್ಳಲಿ. ಪ್ರಶ್ನೆಯ ಭಾಗದಲ್ಲಿ ಕೂಡುವ ಚಿಹ್ನೆಗೆ (+) ತೆರಪು ಎಂಬ ಅರ್ಥವನ್ನು ಕೊಡುವ ರೂಢಿಯು ಮೊದಲಿನಿಂದಲೂ ಬಂದಿದೆ. ರಕ್ತದಾನಿಗಳ ಪಟ್ಟಿಯಲ್ಲಿ ‘ಎ+’ ಗುಂಪಿನವರನ್ನು ಹುಡುಕುವ ಪ್ರೋಗ್ರಾಮನ್ನು ಅಂಟಿಸುವ ವಿಧಾನದಿಂದ ಬರೆದರೆ, ಸರ್ವರಿಗೆ ‘ಎ’ ಎಂಬ ಅಕ್ಷರವೂ ಒಂದು ತೆರಪೂ ತಲುಪುವುವು. ಅಂತಹ ಗುಂಪೇ ಇಲ್ಲವಾದುದರಿಂದ ಒಬ್ಬ ದಾನಿಯೂ ದೊರೆಯುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಹುಡುಕುತ್ತಿರುವವನಿಗೆ ‘ದಾನಿಗಳಿಲ್ಲ’ ಎಂಬ ಸುಳ್ಳುತ್ತರವು ಬರುವುದು. ‘+91’ ಎಂದು ಆರಂಭವಾಗುವ ದೂರವಾಣಿಯ ಸಂಖ್ಯೆಗೂ ಇದೇ ಗತಿ. ಇದಕ್ಕೆ ಬೇಕಾಗಿದ್ದುದು %2ಬಿ ಎಂಬ ಮೂರು ಚಿಹ್ನೆಗಳು. ‘ಸಿ++’ ಎಂಬ ಪ್ರೋಗ್ರಾಮು ಭಾಷೆಯ ಪುಸ್ತಕವನ್ನು ಹುಡುಕಿದವನಿಗೆ ‘ಸಿ’ ಎಂಬುದರ ಪುಸ್ತಕಗಳು ಬರುವುವು. ‘ಸಿ#’ ಎಂಬುದನ್ನು ಹುಡುಕಿದವನ ಹ್ಯಾಷ್ ಎಂಬುದೂ ಅದರ ಮುಂದಿನದೆಲ್ಲವೂ ಸರ್ವರಿನವರೆಗೆ ಹೋಗುವುದೇ ಇಲ್ಲ. ಅದನ್ನು ಪುಟದೊಳಗಿನ ಗುರುತೆಂದು ತಿಳಿದು ಬ್ರೌಸರು ತನ್ನಲ್ಲಿಯೇ ಉಳಿಸಿಕೊಳ್ಳುವುದು. ‘12/1938’ ಎಂಬ ದಾಖಲೆಯ ಸಂಖ್ಯೆಯನ್ನು ದಾರಿಯಲ್ಲಿ ಅಂಟಿಸಿದರೆ ಅದು 12 ಎಂಬ ಕೋಣೆಯೊಳಗಿನ 1938 ಎಂಬ ಪೆಟ್ಟಿಗೆಯಾಗಿ ತೋರುವುದು. ಚಿಹ್ನೆಗಳ ಮೇಲೆ ಕೋಪಗೊಂಡವರು ಈ ರಕ್ತದ ಗುಂಪಿನ ಹೆಸರನ್ನೂ ಬದಲಾಯಿಸಿರೆಂದು ವೈದ್ಯರಿಗೆ ಆಜ್ಞೆಮಾಡುವರೋ ಏನೋ!

ಇನ್ನು ಕೆಲವರು ಅಂಟಿಸುವುದನ್ನು ಬಿಟ್ಟು ವೇಷ ತೊಡಿಸುವುದನ್ನು ಕಲಿತಿರುವರು. ಆದರೆ ಯಾವ ಭಾಗಕ್ಕೆ ಯಾವ ವೇಷವೆಂಬುದನ್ನು ಕಲಿತಿಲ್ಲ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ‘ಎನ್‌ಕೋಡ್‌ಯುಆರ್‌ಐ’ ಎಂಬ ಫಂಕ್ಷನ್ ಇಡಿಯ ವಿಳಾಸಕ್ಕೆಂದು ಇರುವುದು; ಆದುದರಿಂದ ಅದು ಆಂಪರ್‌ಸೆಂಡ್, ಹ್ಯಾಷ್, ಓರೆಗೆರೆ, ಕೂಡುವ ಚಿಹ್ನೆ ಇವುಗಳನ್ನು ಮುಟ್ಟುವುದಿಲ್ಲ. ಒಂದು ಹೆಸರಿಗೆ, ಒಂದು ಬೆಲೆಗೆ ಬೇಕಾದುದು ‘ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್’ ಎಂಬುದು. ಇವೆರಡೂ 1999ರ ಆವೃತ್ತಿಯಿಂದ ಆ ಭಾಷೆಯಲ್ಲಿರುವುವು. ಆದರೂ ಒಂದರ ಕೆಲಸಕ್ಕೆ ಇನ್ನೊಂದನ್ನು ಕರೆಯುವುದು ಇಂದಿಗೂ ನಿಂತಿಲ್ಲ. ಇವಕ್ಕಿಂತ ಹಳೆಯದಾದ ‘ಎಸ್ಕೇಪ್’ ಎಂಬುದು ಯುಟಿಎಫ್-8ನ್ನೇ ಅರಿಯದು. ಕನ್ನಡದ ಅಕ್ಷರವನ್ನು ಅದಕ್ಕೆ ಒಪ್ಪಿಸಿದರೆ ಯಾವ ನಿಯಮಪತ್ರಕ್ಕೂ ಸೇರದ ವಿಚಿತ್ರ ರೂಪವೊಂದು ಹೊರಬೀಳುವುದು. ಪೈಥಾನಿನ ‘ಕೋಟ್’ ಎಂಬುದು ಬೇರೆಯಾಗಿ ಹೇಳದಿದ್ದರೆ ಓರೆಗೆರೆಯನ್ನು ಹಾಗೆಯೇ ಬಿಡುವುದು. ಜಾವಾದ ‘ಯುಆರ್‌ಎಲ್‌ಎನ್‌ಕೋಡರ್’ ತೆರಪನ್ನು ಕೂಡುವ ಚಿಹ್ನೆಯನ್ನಾಗಿ ಮಾಡುವುದು. ಅದು ಪ್ರಶ್ನೆಯ ಭಾಗಕ್ಕೆ ಸರಿ, ದಾರಿಯ ಭಾಗಕ್ಕೆ ತಪ್ಪು. ಪಿಎಚ್‌ಪಿಯಲ್ಲಿ ಇದೇ ಭೇದಕ್ಕಾಗಿ ‘ಯುಆರ್‌ಎಲ್‌ಎನ್‌ಕೋಡ್’ ಎಂದೂ ‘ರಾಯುಆರ್‌ಎಲ್‌ಎನ್‌ಕೋಡ್’ ಎಂದೂ ಎರಡನ್ನಿಟ್ಟಿರುವರು. ತಾಣದ ಹೆಸರಿನ ಭಾಗಕ್ಕಂತೂ ಶೇಕಡಾ ಚಿಹ್ನೆಯ ವಿಧಿಯನ್ನೇ ಬಳಸುವಂತಿಲ್ಲ, ‘.ಭಾರತ’ ಎಂದು ಕನ್ನಡ ಲಿಪಿಯಲ್ಲಿಯೇ ಮುಗಿಯುವ ಹೆಸರುಗಳಿಗೆ 2003ರಲ್ಲಿ ಗೊತ್ತುಮಾಡಿದ ಪ್ಯೂನಿಕೋಡ್ ಎಂಬ ಬೇರೊಂದು ವಿಧಿಯುಂಟು. ಸಾಧನಗಳಿಗೆ ಕೊರತೆಯಿಲ್ಲ, ಅವುಗಳ ಬಳಕೆಯನ್ನು ತಿಳಿಯುವ ಶ್ರದ್ಧೆಗೆ ಕೊರತೆ.

ಮಿತ್ರರಿಗೆ ಕಳುಹಿಸಿದ ವಿಳಾಸವು ಸತ್ತ ಬಗೆಯು ಇನ್ನೊಂದು. ಅದನ್ನು ಬಿಡಿಸಿ ನೋಡಲಾಗಿ ಅಲ್ಲಿ %ಇ0 ಎಂದಿರಬೇಕಾದಲ್ಲೆಲ್ಲ %25ಇ0 ಎಂದಿದ್ದಿತು. ಪಟ್ಟಿಯ ಉಗ್ರಾಣದಲ್ಲಿ ಪುಸ್ತಕದ ಹೆಸರನ್ನು ಕನ್ನಡದಲ್ಲಿಯೇ ಇರಿಸದೆ, ಮೊದಲೇ ವೇಷ ತೊಡಿಸಿ ಇರಿಸಿದ್ದರು. ವಿಳಾಸವನ್ನು ಕಟ್ಟುವಾಗ ಇನ್ನೊಬ್ಬರು ಅದಕ್ಕೇ ಮತ್ತೊಮ್ಮೆ ವೇಷ ತೊಡಿಸಿದರು; ಆಗ ಹಿಂದಿನ ವೇಷದ ಶೇಕಡಾ ಚಿಹ್ನೆಯೇ %25 ಆಯಿತು. ಸರ್ವರು ಒಂದು ವೇಷವನ್ನು ಕಳಚಿ ನೋಡಿತು. ಒಳಗೆ ಇನ್ನೊಂದು ವೇಷವಿದ್ದಿತು. ಅಂತಹ ಹೆಸರಿನ ಪುಸ್ತಕವು ತನ್ನಲ್ಲಿಲ್ಲವೆಂದಿತು. ನಿಘಂಟಿನಲ್ಲಿ ‘ಗಾಲ’ ಎಂದು ಬರೆದಿಡಬಾರದೆಂಬ ಮೇಲಿನ ಮಾತಿನ ಅರ್ಥವು ಇದೇ. ಇದರಲ್ಲಿ ಕನ್ನಡದ ಅಕ್ಷರವು ಮಾಡಿದ ತಪ್ಪೇನು? ‘100%’ ಎಂಬ ಶುದ್ಧ ಆಂಗ್ಲ ಶೀರ್ಷಿಕೆಯಿದ್ದರೂ ಆ ಪ್ರೋಗ್ರಾಮು ಇದೇ ಅನಾಹುತವನ್ನು ಮಾಡುತ್ತಿದ್ದಿತು.

ಇನ್ನು ಪೂರ್ವಪಕ್ಷಿಗಳ ಆಕ್ಷೇಪಗಳನ್ನು ವಿಚಾರಿಸೋಣ.

ಮೊದಲನೆಯವರು, ಚಿಹ್ನೆಗಳನ್ನು ನಿಷೇಧಿಸುವುದೇ ಸುರಕ್ಷಿತವಾದ ಮಾರ್ಗವೆನ್ನುವರು. ಅಂಟಿಸಿದ ವಿಳಾಸದಲ್ಲಿ ದುಷ್ಟನೊಬ್ಬನು ಆಂಪರ್‌ಸೆಂಡನ್ನು ನುಸುಳಿಸಿ ತನಗೆ ಬೇಕಾದ ಪ್ರಶ್ನೆಯನ್ನು ಸೇರಿಸಬಹುದೆಂಬುದು ಸತ್ಯವೇ. ಆದರೆ ನಿಷೇಧವು ಅದಕ್ಕೆ ಔಷಧವಲ್ಲ. 2000ದ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟಿನ ಐ.ಐ.ಎಸ್. ಎಂಬ ಸರ್ವರಿನ ದೋಷವೊಂದು ಹೊರಬಿದ್ದಿತು. ವಿಳಾಸದೊಳಗೆ ಮೇಲಿನ ಕೋಶಕ್ಕೆ ಏರುವ ಚಿಹ್ನೆಗಳಿರಕೂಡದೆಂದು ಆ ಸರ್ವರು ಪರೀಕ್ಷಿಸುತ್ತಲೇ ಇದ್ದಿತು. ಆದರೆ ವೇಷವನ್ನು ಪೂರ್ತಿಯಾಗಿ ಕಳಚುವುದಕ್ಕೆ ಮೊದಲು ಪರೀಕ್ಷಿಸುತ್ತಿದ್ದಿತು. ಓರೆಗೆರೆಗೆ ಯುಟಿಎಫ್-8ರ ಅಕ್ರಮವಾದ ಉದ್ದನೆಯ ರೂಪವನ್ನು ಕೊಟ್ಟು ಕಳುಹಿಸಿದವರು ಕಾವಲನ್ನು ದಾಟಿ ಒಳಕ್ಕೆ ಹೋದರು. 2001ರ ಸೆಪ್ಟೆಂಬರಿನಲ್ಲಿ ಹರಡಿದ ನಿಮ್ಡಾ ಎಂಬ ಪಿಡುಗು ತಾನು ಹಿಡಿದ ಹಲವು ದಾರಿಗಳಲ್ಲಿ ಇದನ್ನೂ ಒಂದನ್ನಾಗಿ ಮಾಡಿಕೊಂಡಿತು. ಚಿಹ್ನೆಗಳ ಪಟ್ಟಿಯನ್ನು ಹಿಡಿದು ಬಾಗಿಲಲ್ಲಿ ನಿಲ್ಲುವುದರಿಂದ ರಕ್ಷಣೆಯಿಲ್ಲ; ಒಂದೇ ಸಲ, ಸರಿಯಾದ ಕ್ರಮದಲ್ಲಿ ಬಿಡಿಸಿ, ಬಿಡಿಸಿದ ಮೇಲೆ ಪರೀಕ್ಷಿಸುವುದರಿಂದ ಮಾತ್ರ ರಕ್ಷಣೆ. ನಿಷೇಧಿಸುವವನು ಪ್ರಾಮಾಣಿಕನಾದ ಓದುಗನನ್ನು ಹೊರಗಿಟ್ಟು ಕಳ್ಳನಿಗೆ ಹಿಂದಿನ ಬಾಗಿಲನ್ನು ತೆರೆದಿಡುವನು.

ಎರಡನೆಯವರು, ರೋಮನ್ ಲಿಪಿಯಲ್ಲಿ ಬರೆದರೆ ಎಲ್ಲರಿಗೂ ಅನುಕೂಲವೆನ್ನುವರು. ಅವರ ರೋಮನ್ ಲಿಪಿಯಲ್ಲಿ ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ, ‘ಬೆಳೆ’ಯೂ ‘ಬೆಲೆ’ಯೂ ಒಂದೇ, ‘ಕಳೆ’ಯೂ ‘ಕಲೆ’ಯೂ ಒಂದೇ, ‘ನಡು’ವೂ ‘ನಾಡು’ವೂ ಒಂದೇ. ರೈತನಿಗೆ ಬೆಳೆಯ ಪುಟವನ್ನೂ ಬೆಲೆಯ ಪುಟವನ್ನೂ ಒಂದೇ ವಿಳಾಸದಲ್ಲಿ ಕೊಡುವುದೆಂತು? ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು ಎಂದು ಬಾಲಸಂಖ್ಯೆಗಳನ್ನು ಅಂಟಿಸಬೇಕಾಗುವುದು. ಚುಕ್ಕೆಗೆರೆಗಳನ್ನು ಸೇರಿಸಿ ವಿದ್ವಾಂಸರು ಬಳಸುವ ಶುದ್ಧ ಲಿಪ್ಯಂತರವನ್ನು ಹಿಡಿಯುವೆವೆಂದರೆ, ಆ ಚುಕ್ಕೆಗೆರೆಗಳ ಅಕ್ಷರಗಳೂ 66ರೊಳಗೆ ಇಲ್ಲ. ಅವಕ್ಕೂ ಅದೇ ಶೇಕಡಾ ಚಿಹ್ನೆಯ ವೇಷವು ಬೇಕು. ತಪ್ಪಿಸಿಕೊಳ್ಳಬೇಕೆಂದು ಓಡಿದ ನಿಯಮದ ಕೈಗೇ ಮತ್ತೆ ಸಿಕ್ಕಿದಂತಾಯಿತು. ಅಲ್ಲದೆ, ವಿಳಾಸಗಳನ್ನೆಲ್ಲ ರೋಮನಿಗೆ ತಿರುಗಿಸಿದರೂ ಓದುಗನು ಹುಡುಕುವುದು ಕನ್ನಡದಲ್ಲಿ. ಅವನ ಪ್ರಶ್ನೆಯು ವಿಳಾಸದೊಳಗೆ ಹೋಗಲೇಬೇಕು. ಆದಕಾರಣ ಈ ಉಪಾಯವು ಕನ್ನಡವನ್ನು ಕುಗ್ಗಿಸುವುದೇ ಹೊರತು ಕೆಲಸವನ್ನು ಉಳಿಸುವುದಿಲ್ಲ.

ಮೂರನೆಯವರ ಆಕ್ಷೇಪದಲ್ಲಿ ತಥ್ಯಾಂಶವುಂಟು. ಕನ್ನಡದ ವಿಳಾಸವನ್ನು ನಕಲುಮಾಡಿ ಪತ್ರದಲ್ಲಿ ಇಟ್ಟರೆ ಅದು ಶೇಕಡಾ ಚಿಹ್ನೆಗಳ ಮುಳ್ಳುಬೇಲಿಯಂತೆ ಉದ್ದವಾಗಿ ಕಾಣುವುದು. ಮುದ್ರಣಕ್ಕೆ ಯೋಗ್ಯವಲ್ಲ, ಬಾಯಲ್ಲಿ ಹೇಳುವಂತೆಯೂ ಇಲ್ಲವೆಂದು ಇವರು ಹೇಳುವರು. ಒಪ್ಪತಕ್ಕ ಮಾತೇ. ಆದರೆ ಇಂದಿನ ಬ್ರೌಸರುಗಳು ತಮ್ಮ ವಿಳಾಸದ ಸಾಲಿನಲ್ಲಿ ಕನ್ನಡವನ್ನು ಕನ್ನಡವಾಗಿಯೇ ತೋರಿಸುವುವು. ಮುಳ್ಳುಬೇಲಿಯು ಕಾಣುವುದು ನಕಲುಮಾಡಿದಾಗ. ಚಿಕ್ಕ ವಿಳಾಸವೇ ಬೇಕಾದವರು ಪ್ರತಿಯೊಂದು ಪುಸ್ತಕಕ್ಕೂ ಒಂದು ಸ್ಥಿರವಾದ ಸಂಖ್ಯೆಯನ್ನು ಕೊಟ್ಟು, ವಿಳಾಸದಲ್ಲಿ ಆ ಸಂಖ್ಯೆಯನ್ನೇ ಇರಿಸಲಿ. ಸಂಖ್ಯೆಗೆ ಯಾವ ಭಾಷೆಯೂ ಇಲ್ಲ. ಹೆಸರು ತಿದ್ದಲ್ಪಟ್ಟರೂ ಸಂಖ್ಯೆಯು ಬದಲಾಗದು. ಸಂಖ್ಯೆಯನ್ನು ಇಡುವುದು ವ್ಯವಸ್ಥೆ. ಹೆಸರನ್ನು ಕೆಡಿಸಿ ಇಡುವುದು ಅವ್ಯವಸ್ಥೆ.

ಪರರ ದೋಷವನ್ನು ಎಣಿಸುವಾಗ ನಮ್ಮ ಮನೆಯೊಳಗಿನ ಕಷ್ಟವನ್ನು ಮರೆಮಾಡುವುದು ನ್ಯಾಯವಲ್ಲ. ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು. ‘ಕೋಟೆ’ ಎಂಬುದರ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎಕಾರದ ಕೊಂಬು, ಊಕಾರದ ಗುರುತು, ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ವಿಳಾಸದಲ್ಲಿ ಮೊದಲನೆಯದು 9 ಚಿಹ್ನೆಗಳು, ಎರಡನೆಯದು 27. ಆದುದರಿಂದ ಸರ್ವರಿಗೆ ಅವು ಎರಡು ಬೇರೆ ಕೋಟೆಗಳು. ಅರ್ಧಾಕ್ಷರಗಳನ್ನು ಬೇರ್ಪಡಿಸುವುದಕ್ಕಾಗಿ ನಡುವೆ ಇರಿಸುವ, ಕಣ್ಣಿಗೆ ಕಾಣದ ಸಂಕೇತಗಳೂ ಉಂಟು. ಅವಿರುವ ಶಬ್ದವೂ ಇಲ್ಲದ ಶಬ್ದವೂ ವಿಳಾಸದಲ್ಲಿ ಬೇರೆ ಬೇರೆಯಾಗುವುವು. ಇದಕ್ಕೂ ಪರಿಹಾರವು ಗೊತ್ತಾಗಿಯೇ ಇದೆ. ವೇಷ ತೊಡಿಸುವುದಕ್ಕೆ ಮೊದಲು ಹೆಸರನ್ನು ಎನ್.ಎಫ್.ಸಿ. ಎಂಬ ಒಂದೇ ರೂಪಕ್ಕೆ ತರುವುದು. ಕಾಣದ ಸಂಕೇತಗಳ ವಿಷಯದಲ್ಲಿ ಒಂದು ನಿಯಮವನ್ನು ಮಾಡಿಕೊಂಡು, ಬರೆಯುವಾಗಲೂ ಹುಡುಕುವಾಗಲೂ ಅದನ್ನೇ ಪಾಲಿಸುವುದು. ಇದನ್ನು ನಮಗಾಗಿ ಬೇರೆಯವರು ಯೋಚಿಸುವರೆಂದು ಕಾಯುವುದು ವ್ಯರ್ಥ. ‘ಹಳ್ಳಿ’ಯನ್ನೂ ‘ಕೋಟೆ’ಯನ್ನೂ ಬಲ್ಲವರೇ ಇದನ್ನು ನೋಡಿಕೊಳ್ಳಬೇಕು.

ಕಡೆಯದಾಗಿ, ಇದು ಯಂತ್ರದವರ ಕೆಲಸ, ಸಾಹಿತ್ಯಸಂಘದ ಪತ್ರಿಕೆಗೆ ಇದರಿಂದೇನು ಎಂದು ಕೇಳುವವರೂ ಇರುವರು. ನಮ್ಮ ಜಿಲ್ಲೆಗಳ ಹಳೆಯ ಪತ್ರಿಕೆಗಳ ಸಂಚಿಕೆಗಳು, ಶಾಸನಗಳ ಪಾಠಗಳು, ಊರುಗಳ ಹೆಸರುಗಳು ಒಂದೊಂದಾಗಿ ಅಂತರ್ಜಾಲಕ್ಕೆ ಏರುತ್ತಲಿವೆ. ಹಿಂದೆ ಪುಸ್ತಕವು ಗೆದ್ದಲಿಗೆ ಆಹುತಿಯಾಗುತ್ತಿದ್ದಿತು. ಈಗ ಪುಸ್ತಕವು ಸುರಕ್ಷಿತವಾಗಿದ್ದು ಅದರ ಬಳಿಗೆ ಹೋಗುವ ದಾರಿಯು ನಾಶವಾಗುವುದು. ದಾರಿಯಿಲ್ಲದ ಭಂಡಾರವು ಓದುಗನ ಪಾಲಿಗೆ ಇಲ್ಲದುದಕ್ಕೆ ಸಮಾನ. ಅದಕ್ಕಿಂತ ಕೆಟ್ಟುದು ಇನ್ನೊಂದುಂಟು: ಪ್ರತಿಯೊಂದು ಸಲವೂ ‘ನಿಮ್ಮ ಅಕ್ಷರದಿಂದ ತೊಂದರೆಯಾಯಿತು’ ಎಂಬ ಉತ್ತರವನ್ನು ಕೇಳಿ ಕೇಳಿ, ನಮ್ಮ ಹುಡುಗರು ತಮ್ಮ ಲಿಪಿಯೇ ಒಂದು ದೋಷವೆಂದು ನಂಬುವರು, ತಮ್ಮ ಹೆಸರನ್ನೂ ಊರನ್ನೂ ಕೇಳುವುದಕ್ಕೆ ಮೊದಲೇ ರೋಮನಿನಲ್ಲಿ ಬರೆದುಕೊಡುವರು. ಪ್ರೋಗ್ರಾಮಿನ ತಪ್ಪನ್ನು ಒಂದು ದಿನದಲ್ಲಿ ತಿದ್ದಬಹುದು. ಈ ಅಭ್ಯಾಸವನ್ನು ತಿದ್ದುವುದು ಒಂದು ತಲೆಮಾರಿನಲ್ಲಿಯೂ ಸಾಧ್ಯವಾಗದು.

ಆದುದರಿಂದ ಸಂಘಗಳವರೂ ಗ್ರಂಥಭಂಡಾರಗಳವರೂ ತಮಗೆ ತಾಣವನ್ನು ಕಟ್ಟಿಕೊಡುವವರೊಡನೆ ಕರಾರು ಮಾಡುವಾಗ ನಾಲ್ಕು ಮಾತುಗಳನ್ನು ಬರೆಯಿಸಿಕೊಳ್ಳಲಿ. ಉಗ್ರಾಣದಲ್ಲಿ ಹೆಸರುಗಳು ಶುದ್ಧ ಕನ್ನಡದಲ್ಲಿ, ಒಂದೇ ರೂಪದಲ್ಲಿ ಇರತಕ್ಕದ್ದು. ವಿಳಾಸವನ್ನು ತುಣುಕುಗಳನ್ನು ಅಂಟಿಸಿ ಮಾಡದೆ, ಆಯಾ ಭಾಷೆಯು ಒದಗಿಸಿರುವ ಫಂಕ್ಷನುಗಳಿಂದ ಭಾಗಭಾಗವಾಗಿ ಕಟ್ಟತಕ್ಕದ್ದು. ಪ್ರತಿಯೊಂದು ಭಾಗಕ್ಕೂ ಸೇರುವ ಕಡೆಯಲ್ಲಿ ಒಂದೇ ಸಲ ವೇಷ ತೊಡಿಸಿ, ತಲುಪಿದ ಕಡೆಯಲ್ಲಿ ಒಂದೇ ಸಲ ಕಳಚತಕ್ಕದ್ದು. ಕೆಲಸವನ್ನು ಒಪ್ಪಿಸಿಕೊಳ್ಳುವ ದಿನ ‘ಕೋಟೆ & ಹಳ್ಳಿ, 12/1938, ಎ+, ಸಿ#, 100%’ ಎಂಬ ಈ ಒಂದು ಸಾಲನ್ನು ಹುಡುಕುವ ಪೆಟ್ಟಿಗೆಯಲ್ಲಿ ಬರೆದು ನೋಡತಕ್ಕದ್ದು. ಬರೆದುದೇ ಹಿಂದಿರುಗಿ ಬಂದರೆ ಹಣವನ್ನು ಕೊಡಲಿ. ಒಂದು ಚಿಹ್ನೆಯು ಕಡಿಮೆಯಾದರೂ ಕೊಡದಿರಲಿ.

ಈ ಲೇಖಕನು ಆ ಗ್ರಂಥಭಂಡಾರದವರಿಗೆ ಇದನ್ನೆಲ್ಲ ಸಂಕ್ಷೇಪವಾಗಿ ಬರೆದು ಕಳುಹಿಸಿರುವನು. ಅವರು ಹೆಸರುಗಳನ್ನು ರೋಮನಿಗೆ ತಿರುಗಿಸುವ ಕೆಲಸವನ್ನು ಇನ್ನೂ ಆರಂಭಿಸಿಲ್ಲವೆಂದು ತಿಳಿದುಬಂದಿದೆ. ಆರಂಭಿಸುವುದಕ್ಕೆ ಮೊದಲೇ ಈ ಮಾತುಗಳು ಅವರ ಕಿವಿಗೆ ಬೀಳಲೆಂದೂ, ಅಂತಹ ಯೋಚನೆಯಲ್ಲಿರುವ ಇತರರೂ ಒಮ್ಮೆ ನಿಂತು ವಿಚಾರಿಸಲೆಂದೂ ಹಾರೈಸಿ ಈ ಲೇಖನವನ್ನು ಮುಗಿಸುವೆನು.